ಬೆಸುಗೆಯಿಂದ ಬೆಳೆಯುವ ಲೋಹ

ಲೋಹದಿಂದ ಒಂದು ವಸ್ತುವನ್ನು ಮಾಡಲು ಮನುಷ್ಯ ಬಹುಕಾಲದಿಂದ ಮೂರು ದಾರಿಗಳನ್ನು ಬಲ್ಲ. ಕರಗಿಸಿ ಅಚ್ಚಿಗೆ ಸುರಿಯುವುದು ಒಂದು, ಇದು ಎರಕ. ಕಾಯಿಸಿ, ಸುತ್ತಿಗೆಯಿಂದ ಬಡಿದು ರೂಪ ಕೊಡುವುದು ಇನ್ನೊಂದು. ಇದು ಕಮ್ಮಾರನ ದಾರಿ. ದೊಡ್ಡ ತುಂಡೊಂದನ್ನು ತೆಗೆದುಕೊಂಡು, ಬೇಡವಾದ ಭಾಗವನ್ನು ಕತ್ತರಿಸಿ, ಕೊರೆದು, ಹೆರೆದು ತೆಗೆಯುವುದು ಮೂರನೆಯದು. ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳು ಮಾಡುವ ಕೆಲಸ ಇದೇ. ಶಿಲ್ಪಿ ಕಲ್ಲಿನಲ್ಲಿ ಮಾಡುವುದೂ ಇದನ್ನೇ.

ಈಗ ನಾಲ್ಕನೆಯ ದಾರಿಯೊಂದು ಕಾರ್ಖಾನೆಗಳನ್ನು ಪ್ರವೇಶಿಸಿದೆ. ಇಲ್ಲಿ ಅಚ್ಚು ಇಲ್ಲ, ಸುತ್ತಿಗೆ ಇಲ್ಲ, ಕತ್ತರಿಸಲು ದೊಡ್ಡ ತುಂಡೂ ಇಲ್ಲ. ಗೆದ್ದಲು ಹುತ್ತ ಕಟ್ಟಿದಂತೆ ವಸ್ತು ಪದರ ಪದರವಾಗಿ ಮೇಲಕ್ಕೆ ಬೆಳೆಯುತ್ತದೆ. ಪ್ಲಾಸ್ಟಿಕ್ಕಿನ ಆಟಿಕೆ, ಮಾದರಿಗಳನ್ನು ಹೀಗೆ ತಯಾರಿಸುವ 'ತ್ರೀ-ಡಿ ಪ್ರಿಂಟರ್' ಯಂತ್ರವನ್ನು ನಿಮ್ಮಲ್ಲಿ ಹಲವರು ವಿಜ್ಞಾನ ಮೇಳಗಳಲ್ಲಿ ನೋಡಿರಬಹುದು. ಅದೇ ತತ್ವವನ್ನು ಉಕ್ಕು, ಕಂಚು, ಅಲ್ಯೂಮಿನಿಯಂ, ಟೈಟೇನಿಯಂಗಳಿಗೆ ಅನ್ವಯಿಸುವ ಹಲವು ವಿಧಾನಗಳಿವೆ. ಅವುಗಳಲ್ಲಿ ಒಂದು ನಮ್ಮ ಊರಿನ ವೆಲ್ಡಿಂಗ್ ಅಂಗಡಿಗೆ ತೀರ ಹತ್ತಿರದ ಸಂಬಂಧಿ. ಯಂತ್ರಮಾನವನ ತೋಳಿಗೆ ಬೆಸುಗೆಯ ಉಪಕರಣ ಕಟ್ಟಿ, ಬೆಸುಗೆಯ ಮೇಲೆ ಬೆಸುಗೆ ಹಾಕುತ್ತ ಇಡೀ ವಸ್ತುವನ್ನೇ ಬೆಸುಗೆಯಿಂದ ಕಟ್ಟುವ ವಿಧಾನ ಅದು. ತಂತಿ ಮತ್ತು ವಿದ್ಯುತ್ ಚಾಪವನ್ನು ಬಳಸುವ ಈ ತಯಾರಿಕೆಯನ್ನು ತಂತ್ರಜ್ಞರು ಚಿಕ್ಕದಾಗಿ 'ವಾಮ್' ಎಂದು ಕರೆಯುತ್ತಾರೆ.

ಪರದೆಯ ಮೇಲೆ ಇದು ನೋಡಲು ಸೊಗಸಾದ ದೃಶ್ಯ. ಆದರೆ ಅದರ ಹಿಂದಿನ ಲೆಕ್ಕವನ್ನು ಪರದೆಯ ಮೇಲೆ ನಿಧಾನವಾಗಿ ಬಿಡಿಸಿ ಹೇಳುವುದು ಕಷ್ಟ. ಆ ಕೆಲಸವನ್ನು ಈ ಪುಟಗಳಲ್ಲಿ ಮಾಡೋಣ. ಪೆನ್ಸಿಲ್ ಮತ್ತು ಕಾಗದ ಪಕ್ಕದಲ್ಲಿರಲಿ.

ಕಲ್ಪನೆ ಹಳೆಯದು

ಇದು ಕಂಪ್ಯೂಟರ್ ಯುಗದ ಕಲ್ಪನೆ ಎಂದು ತಿಳಿಯಬೇಡಿ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ರಾಲ್ಫ್ ಬೇಕರ್ ಎಂಬಾತ 1920ರಲ್ಲೇ ಒಂದು ಪೇಟೆಂಟಿಗೆ ಅರ್ಜಿ ಹಾಕಿದ. 1925ರಲ್ಲಿ ಅದು ಮಂಜೂರಾಯಿತು. ವಿದ್ಯುತ್ ಚಾಪದಿಂದ ಲೋಹದ ಕಡ್ಡಿಯನ್ನು ಕರಗಿಸಿ, ಸಾಲಿನ ಮೇಲೆ ಸಾಲಾಗಿ ಕೂರಿಸುತ್ತ ಆಲಂಕಾರಿಕ ಪಾತ್ರೆಗಳನ್ನು ತಯಾರಿಸುವ ವಿಧಾನ ಅದು.

ಆಮೇಲೆ ಈ ಕಲ್ಪನೆ ಬೇರೊಂದು ವೇಷದಲ್ಲಿ ಕಾರ್ಖಾನೆಗಳಲ್ಲಿ ಉಳಿದುಕೊಂಡಿತು. ಸವೆದ ಶಾಫ್ಟಿನ ಮೇಲೆ ಸುತ್ತಲೂ ವೆಲ್ಡಿಂಗ್ ತುಂಬಿಸಿ, ನಂತರ ಲೇತಿನಲ್ಲಿ ತಿರುವಿ ಮೊದಲಿನ ಅಳತೆಗೆ ತರುವುದನ್ನು ಯಾವುದೇ ರಿಪೇರಿ ವರ್ಕ್‌ಶಾಪಿನಲ್ಲಿ ಕಾಣಬಹುದು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ರೋಲರುಗಳ ಹಲ್ಲುಗಳು ಸವೆದಾಗ ಅವುಗಳ ಮೇಲೆ ಗಟ್ಟಿ ಲೋಹವನ್ನು ವೆಲ್ಡಿಂಗ್‌ನಿಂದ ಕೂರಿಸುತ್ತಾರೆ. ಅಲ್ಲಿ ಹಳೆಯ ವಸ್ತುವಿನ ಮೇಲೆ ಸ್ವಲ್ಪ ಸೇರಿಸುವುದು. ವಾಮ್ ವಿಧಾನದಲ್ಲಿ ಇಡೀ ವಸ್ತುವನ್ನೇ ಸೇರಿಸುತ್ತ ಹೋಗುವುದು. ವ್ಯತ್ಯಾಸ ಇಷ್ಟೇ ಎನಿಸುತ್ತದೆ. ಆದರೆ ಒಂದೆರಡು ಸಾಲು ಹಾಕುವುದಕ್ಕೂ ಮುನ್ನೂರು ಪದರ ಹಾಕುವುದಕ್ಕೂ ನಡುವೆ ಬಹಳ ದೂರವಿದೆ. ಆ ದೂರವನ್ನು ದಾಟಲು ಸುಮಾರು ನೂರು ವರ್ಷ ಬೇಕಾಯಿತು.

ಚಾಪ, ತಂತಿ, ಅನಿಲ

ಉಪಕರಣದ ಭಾಗಗಳನ್ನು ಮೊದಲು ನೋಡೋಣ. ಸುರುಳಿ ಸುತ್ತಿದ ತೆಳು ತಂತಿಯೊಂದಿದೆ. ಸಾಮಾನ್ಯವಾಗಿ ಅದರ ವ್ಯಾಸ 1.2 ಮಿ.ಮೀ. ಚಿಕ್ಕ ಮೋಟರೊಂದು ತಂತಿಯನ್ನು ಟಾರ್ಚಿನ ತುದಿಯ ಕಡೆಗೆ ಸತತವಾಗಿ ತಳ್ಳುತ್ತಿರುತ್ತದೆ. ತಂತಿಯ ತುದಿಗೂ ಕೆಳಗಿನ ಲೋಹಕ್ಕೂ ನಡುವೆ ಕೆಲವೇ ಮಿಲಿಮೀಟರ್ ಅಂತರ. ಆ ಅಂತರದಲ್ಲಿರುವ ಅನಿಲ ವಿದ್ಯುತ್ತಿನ ಒತ್ತಡಕ್ಕೆ ಅಯಾನುಗಳಾಗಿ ಒಡೆದು ಪ್ಲಾಸ್ಮಾ ಸ್ಥಿತಿಗೆ ಬರುತ್ತದೆ. ಅದರ ಮೂಲಕ ಭಾರಿ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಇದೇ ವಿದ್ಯುತ್ ಚಾಪ. ಅದರ ಉಷ್ಣತೆ ಹಲವು ಸಾವಿರ ಡಿಗ್ರಿ. ಕಬ್ಬಿಣ ಕರಗುವುದು 1538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹೀಗಾಗಿ ತಂತಿಯ ತುದಿ ಕರಗಿ ಹನಿಹನಿಯಾಗಿ ಇಳಿಯುತ್ತದೆ. ಕೆಳಗಿನ ಲೋಹದ ಮೇಲ್ಮೈಯೂ ತುಸು ಕರಗಿ ಚಿಕ್ಕ ಕೊಳದಂತಾಗುತ್ತದೆ. ಹನಿ ಆ ಕೊಳದಲ್ಲಿ ಬೆರೆತು, ಟಾರ್ಚ್ ಮುಂದೆ ಸಾಗಿದಂತೆ ಹಿಂದೆ ಹೆಪ್ಪುಗಟ್ಟಿ ಒಂದು ದಪ್ಪ ಗೆರೆಯಂತಹ ಸಾಲಾಗುತ್ತದೆ.

ಬಿಸಿ ಲೋಹಕ್ಕೆ ಗಾಳಿಯೇ ಶತ್ರು. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಸಾರಜನಕಗಳು ಕರಗಿದ ಲೋಹದೊಳಗೆ ಸೇರಿ ಅದನ್ನು ಪೆಡಸುಗೊಳಿಸುತ್ತವೆ. ಆದ್ದರಿಂದ ತಂತಿಯ ಸುತ್ತಲಿನ ನಳಿಕೆಯಿಂದ ಆರ್ಗಾನ್ ಅಥವಾ ಆರ್ಗಾನ್ ಬೆರೆತ ಇಂಗಾಲದ ಡೈ ಆಕ್ಸೈಡ್ ಹರಿದು ಬಂದು ಕೊಳವನ್ನು ಛತ್ರಿಯಂತೆ ಕಾಯುತ್ತದೆ. ಬಾಡಿ ಕಟ್ಟುವ ವರ್ಕ್‌ಶಾಪುಗಳಲ್ಲಿ 'ಮಿಗ್' ಎಂದೋ 'ಸಿಒಟು ವೆಲ್ಡಿಂಗ್' ಎಂದೋ ಕರೆಯುವುದು ಇದನ್ನೇ. ಟೈಟೇನಿಯಂ ಇನ್ನೂ ಸೂಕ್ಷ್ಮ. ಗಟ್ಟಿಯಾದ ಮೇಲೂ, ಸುಮಾರು 500 ಡಿಗ್ರಿಗಿಂತ ಬಿಸಿಯಾಗಿರುವಾಗ ಅದು ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಅದಕ್ಕಾಗಿ ಇಡೀ ಕೆಲಸವನ್ನು ಆರ್ಗಾನ್ ತುಂಬಿದ ಕೋಣೆಯೊಳಗೆ ನಡೆಸುವುದುಂಟು.

ತೋಳು ಮತ್ತು ದಾರಿ

ಟಾರ್ಚನ್ನು ಹಿಡಿಯುವುದು ಯಂತ್ರಮಾನವ. ಮನುಷ್ಯನ ಆಕಾರದ ಗೊಂಬೆಯನ್ನು ಕಲ್ಪಿಸಿಕೊಳ್ಳಬೇಡಿ. ಇದು ಆರು ಕೀಲುಗಳುಳ್ಳ ಒಂದೇ ತೋಳು. 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ 'ಯುನಿಮೇಟ್' ಇಂತಹ ಔದ್ಯಮಿಕ ತೋಳುಗಳಲ್ಲಿ ಮೊದಲನೆಯದು. ಇಂದಿನ ತೋಳುಗಳು ಹೇಳಿದ ಜಾಗಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ನಿಖರವಾಗಿ ಮತ್ತೆ ಮತ್ತೆ ಮರಳಬಲ್ಲವು.

ಎಲ್ಲಿಗೆ ಹೋಗಬೇಕು ಎಂಬುದನ್ನು ಕಂಪ್ಯೂಟರ್ ತಿಳಿಸುತ್ತದೆ. ವಸ್ತುವಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮಗಳಲ್ಲಿ ಬರೆದು, ಬ್ರೆಡ್ಡನ್ನು ಹೋಳು ಮಾಡಿದಂತೆ ಅಡ್ಡಡ್ಡ ತೆಳು ಹೋಳುಗಳಾಗಿ ಸೀಳುತ್ತಾರೆ. ಒಂದೊಂದು ಹೋಳು ಒಂದೊಂದು ಪದರ. ವಾಮ್ ವಿಧಾನದಲ್ಲಿ ಪದರದ ಎತ್ತರ ಸಾಮಾನ್ಯವಾಗಿ 1ರಿಂದ 3 ಮಿ.ಮೀ. ಆ ಹೋಳನ್ನು ಯಾವ ದಾರಿಯಲ್ಲಿ ತುಂಬಬೇಕು ಎಂಬುದೇ ಮುಂದಿನ ಪ್ರಶ್ನೆ.

ಇಲ್ಲಿ ನಿಮಗೆ ರಂಗೋಲಿ ನೆನಪಾಗಬೇಕು. ಎಳೆ ರಂಗೋಲಿಯನ್ನು ಕೈ ಎತ್ತದೆ ಬರೆದರೆ ಗೆರೆ ಸಮನಾಗಿ ಬರುತ್ತದೆ. ಪುಡಿ ಬಿಡಲು ಆರಂಭಿಸಿದ ಜಾಗದಲ್ಲಿ ಗುಡ್ಡೆಯೂ, ಮುಗಿಸಿದ ಜಾಗದಲ್ಲಿ ತೆಳು ಬಾಲವೂ ಉಳಿಯುತ್ತವೆ. ಬೆಸುಗೆಯ ಸಾಲಿಗೂ ಇದೇ ಸ್ವಭಾವ. ಚಾಪ ಹೊತ್ತಿದ ಜಾಗದಲ್ಲಿ ಕೆಳಗಿನ ಲೋಹ ಇನ್ನೂ ತಣ್ಣಗಿರುವುದರಿಂದ ಸಾಲು ಉಬ್ಬುತ್ತದೆ. ಚಾಪ ನಿಂತ ಜಾಗದಲ್ಲಿ ಕುಳಿ ಬೀಳುತ್ತದೆ. ಒಂದು ಪದರದಲ್ಲಿ ಈ ವ್ಯತ್ಯಾಸ ಅರ್ಧ ಮಿಲಿಮೀಟರ್ ಇದ್ದರೂ, ಪ್ರತಿ ಪದರವನ್ನೂ ಅದೇ ಜಾಗದಲ್ಲಿ ಆರಂಭಿಸಿದರೆ ನೂರು ಪದರಗಳ ಹೊತ್ತಿಗೆ ಗೋಡೆಯ ಒಂದು ತುದಿ ದಿಣ್ಣೆ, ಇನ್ನೊಂದು ತುದಿ ಹಳ್ಳವಾದೀತು. ಹಾಗಾಗಿ ಒಂದು ಪದರವನ್ನು ಎಡದಿಂದ ಬಲಕ್ಕೆ ಹಾಕಿದರೆ ಮುಂದಿನದನ್ನು ಬಲದಿಂದ ಎಡಕ್ಕೆ ಹಾಕುತ್ತಾರೆ. ಸಾಧ್ಯವಾದಷ್ಟು ದೂರ ಚಾಪವನ್ನು ನಿಲ್ಲಿಸದೆ ಸಾಗುವ ದಾರಿಯನ್ನು ಹುಡುಕುತ್ತಾರೆ.

ಒಂದು ಸಣ್ಣ ಲೆಕ್ಕ

ಈಗ ಪೆನ್ಸಿಲ್ ಎತ್ತಿಕೊಳ್ಳಿ. ತಂತಿಯ ವ್ಯಾಸ 1.2 ಮಿ.ಮೀ. ಆದ್ದರಿಂದ ಅದರ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 1.13 ಚದರ ಮಿ.ಮೀ. ಮೋಟರು ನಿಮಿಷಕ್ಕೆ 6 ಮೀಟರ್ ತಂತಿಯನ್ನು ತಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಆಗ ನಿಮಿಷಕ್ಕೆ ಸುಮಾರು 6.8 ಘನ ಸೆಂ.ಮೀ. ಲೋಹ ಇಳಿಯುತ್ತದೆ. ಉಕ್ಕಿನ ಸಾಂದ್ರತೆ ಘನ ಸೆಂ.ಮೀ.ಗೆ 7.85 ಗ್ರಾಂ. ಅಂದರೆ ನಿಮಿಷಕ್ಕೆ 53 ಗ್ರಾಂ, ಗಂಟೆಗೆ ಸುಮಾರು 3.2 ಕಿ.ಗ್ರಾಂ.

ಲೇಸರ್ ಕಿರಣದಿಂದ ಲೋಹದ ಪುಡಿಯನ್ನು ಕರಗಿಸಿ ವಸ್ತು ಕಟ್ಟುವ ವಿಧಾನವೂ ಇದೆ. ಅಲ್ಲಿ ಒಂದು ಲೇಸರಿನಿಂದ ಗಂಟೆಗೆ ಕೂಡುವ ಲೋಹವನ್ನು ಕಿಲೋಗ್ರಾಂಗಳಲ್ಲಿ ಅಲ್ಲ, ಗ್ರಾಂಗಳಲ್ಲಿ ಎಣಿಸುತ್ತಾರೆ. ಲೇಸರ್ ವಿಧಾನದ ಹೆಗ್ಗಳಿಕೆ ನಯ ಮತ್ತು ನಿಖರತೆ. ಚಾಪದ ಹೆಗ್ಗಳಿಕೆ ವೇಗ ಮತ್ತು ಗಾತ್ರ. ತಂತಿಯ ಬೆಲೆಯೂ ಪುಡಿಗಿಂತ ಬಹಳ ಕಡಿಮೆ. ಹೀಗಾಗಿ ಅಂಗೈಯಲ್ಲಿ ಹಿಡಿಯುವಂತಹ ಸೂಕ್ಷ್ಮ ಭಾಗಗಳಿಗೆ ಲೇಸರ್, ಆಳೆತ್ತರದ ಭಾಗಗಳಿಗೆ ಚಾಪ ಎಂದು ಕೆಲಸ ಹಂಚಿಹೋಗಿದೆ.

ಚಾಪದ ಮೇಲ್ಮೈ ಮಾತ್ರ ಒರಟು. ಸಾಲುಗಳ ಏರಿಳಿತ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ತಗಲುತ್ತದೆ. ಆದ್ದರಿಂದ ಅಗತ್ಯವಿರುವ ಕಡೆ ಒಂದೆರಡು ಮಿಲಿಮೀಟರ್ ಹೆಚ್ಚಾಗಿಯೇ ಕಟ್ಟಿ, ನಂತರ ಯಂತ್ರದಲ್ಲಿ ಹೆರೆದು ಅಳತೆಗೆ ತರುತ್ತಾರೆ. ಇವೆರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸುವ ಪ್ರಯತ್ನವನ್ನು ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರೊ. ಕೆ. ಪಿ. ಕರುಣಾಕರನ್ ಅವರ ತಂಡ ಈ ಶತಮಾನದ ಮೊದಲ ದಶಕದಲ್ಲೇ ನಡೆಸಿತು. ಮಿಲ್ಲಿಂಗ್ ಯಂತ್ರಕ್ಕೆ ಬೆಸುಗೆಯ ಟಾರ್ಚನ್ನು ಜೋಡಿಸಿ, ಒಂದು ಪದರ ಹಾಕುವುದು, ಅದರ ತಲೆಯನ್ನು ಸಮತಟ್ಟಾಗಿ ಹೆರೆಯುವುದು, ಮತ್ತೆ ಮುಂದಿನ ಪದರ ಹಾಕುವುದು ಅವರ ವಿಧಾನ.

ಹೆರೆಯುವುದೇ ಆದರೆ ಮೊದಲಿನ ದಾರಿಗಿಂತ ಲಾಭವೇನು ಎಂದು ನೀವು ಕೇಳಬಹುದು. ವಿಮಾನದ ಭಾಗಗಳನ್ನು ನೋಡಿ. ಟೈಟೇನಿಯಂ ದುಬಾರಿ ಲೋಹ. ತೆಳು ಗೋಡೆಗಳ, ಟೊಳ್ಳು ಹೊಟ್ಟೆಯ ಭಾಗವೊಂದನ್ನು ಘನ ತುಂಡಿನಿಂದ ಕೊರೆದು ತೆಗೆಯುವಾಗ, ಕೊಂಡ ಹತ್ತು ಕಿಲೋಗ್ರಾಂನಲ್ಲಿ ಒಂದೇ ಕಿಲೋಗ್ರಾಂ ವಿಮಾನವೇರಿ, ಉಳಿದ ಒಂಬತ್ತು ಚೂರಾಗಿ ನೆಲಕ್ಕೆ ಬೀಳುವುದು ಅಪರೂಪವಲ್ಲ. ಆ ಚೂರನ್ನು ಮೊದಲಿನ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಬೇಕಾದ ಆಕಾರಕ್ಕೆ ಹತ್ತಿರವಾಗಿ ಕಟ್ಟಿ ಸ್ವಲ್ಪವೇ ಹೆರೆದರೆ ಎಷ್ಟು ಉಳಿತಾಯ ಎಂಬುದನ್ನು ನೀವೇ ಊಹಿಸಬಹುದು. ನಾರ್ವೆಯ ನಾರ್ಸ್ಕ್ ಟೈಟೇನಿಯಂ ಕಂಪನಿ ಪ್ಲಾಸ್ಮಾ ಚಾಪ ಮತ್ತು ತಂತಿಯಿಂದ ಕಟ್ಟಿದ ಟೈಟೇನಿಯಂ ಭಾಗಗಳಿಗೆ 2017ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರದ ಒಪ್ಪಿಗೆ ದೊರೆಯಿತು. ಅವು ಬೋಯಿಂಗ್ 787 ವಿಮಾನಕ್ಕಾಗಿ ಮಾಡಿದ ಭಾಗಗಳು.

ಶಾಖವೇ ಮಿತ್ರ, ಶಾಖವೇ ಶತ್ರು

ಇನ್ನೊಂದು ಲೆಕ್ಕ ಉಳಿದಿದೆ. ಈ ವಿಧಾನದ ತಿರುಳು ಅದರಲ್ಲಿದೆ. ಚಾಪದ ಮೂಲಕ 200 ಆಂಪಿಯರ್ ವಿದ್ಯುತ್ 20 ವೋಲ್ಟ್ ಒತ್ತಡದಲ್ಲಿ ಹರಿಯುತ್ತಿದೆ ಎನ್ನೋಣ. ಸಾಮರ್ಥ್ಯ 4000 ವಾಟ್. ಒಂದು ನಿಮಿಷಕ್ಕೆ 2,40,000 ಜೂಲ್ ಶಕ್ತಿ. ಕೋಣೆಯ ಉಷ್ಣತೆಯಲ್ಲಿರುವ ಒಂದು ಗ್ರಾಂ ಉಕ್ಕನ್ನು ಕಾಯಿಸಿ ಪೂರ್ತಿ ಕರಗಿಸಲು ಸುಮಾರು 1300 ಜೂಲ್ ಸಾಕು. ನಿಮಿಷಕ್ಕೆ ಇಳಿಯುವ 53 ಗ್ರಾಂ ಕರಗಲು ಬೇಕಾದದ್ದು ಸುಮಾರು 69,000 ಜೂಲ್. ಅಂದರೆ ಕೊಟ್ಟ ಶಕ್ತಿಯಲ್ಲಿ ಮೂರನೆಯ ಒಂದು ಪಾಲೂ ತಂತಿಯನ್ನು ಕರಗಿಸಲು ಬೇಕಿಲ್ಲ!

ಉಳಿದದ್ದು ಎಲ್ಲಿ ಹೋಯಿತು? ಸ್ವಲ್ಪ ಭಾಗ ಬೆಳಕಾಗಿ, ಬಿಸಿಗಾಳಿಯಾಗಿ ಹೊರಗೆ ಹೋಗುತ್ತದೆ. ದೊಡ್ಡ ಭಾಗ ಈಗಾಗಲೇ ಕಟ್ಟಿದ ಲೋಹದೊಳಕ್ಕೆ ಇಳಿಯುತ್ತದೆ. ಕರಗಿದ ಲೋಹ ಹೊತ್ತು ತಂದ ಶಾಖವೂ ಹೆಪ್ಪುಗಟ್ಟುವಾಗ ಅಲ್ಲಿಗೇ ಇಳಿಯುತ್ತದೆ. ಮೊದಲ ಕೆಲವು ಪದರಗಳಲ್ಲಿ ತೊಂದರೆಯಿಲ್ಲ. ಕೆಳಗಿರುವ ದಪ್ಪ ತಳಫಲಕ ಶಾಖವನ್ನು ಎಳೆದುಕೊಳ್ಳುತ್ತದೆ. ಗೋಡೆ ಎತ್ತರವಾದಂತೆ ಶಾಖ ಇಳಿದುಹೋಗುವ ದಾರಿ ಉದ್ದವಾಗುತ್ತದೆ. ತೆಳು ಗೋಡೆಯ ನೆತ್ತಿ ಬಿಸಿಯಾಗಿಯೇ ಉಳಿಯುತ್ತದೆ. ಅದರ ಮೇಲೆ ಮತ್ತೊಂದು ಪದರ ಹಾಕಿದರೆ ಕೊಳ ಹೆಪ್ಪುಗಟ್ಟದೆ ಅಂಚಿನಿಂದ ಹರಿದು ಇಳಿಯುತ್ತದೆ.

ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಗೋಡೆ ಎಬ್ಬಿಸುವವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಕಲಸಿದ ಮಣ್ಣನ್ನು ಒಂದೇ ದಿನದಲ್ಲಿ ಆಳೆತ್ತರ ಏರಿಸಲು ಹೋದರೆ ಗೋಡೆ ಹೊಟ್ಟೆಬಿಟ್ಟು ಕುಸಿಯುತ್ತದೆ. ಒಂದು ವರಸೆ ಇಟ್ಟು, ಅದು ಆರಿ ಬಿಗಿಯಾದ ಮೇಲೆ ಮುಂದಿನ ವರಸೆ ಇಡಬೇಕು. ಇಲ್ಲಿ ನೀರು ಆರುವುದನ್ನು ಕಾಯುತ್ತೇವೆ, ಅಲ್ಲಿ ಶಾಖ ಆರುವುದನ್ನು ಕಾಯುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿನ ಕೆಲಸದಲ್ಲಿ ಹಿಂದಿನ ಪದರ ಸುಮಾರು 150 ಡಿಗ್ರಿಗೆ ಇಳಿಯುವವರೆಗೆ ಮುಂದಿನದನ್ನು ಹಾಕದಿರುವುದು ಒಂದು ರೂಢಿ. ಗಂಟೆಗೆ 3.2 ಕಿ.ಗ್ರಾಂ ಎಂದು ನಾವು ಮಾಡಿದ ಲೆಕ್ಕ ಚಾಪ ಉರಿಯುವ ಗಂಟೆಯದು. ಕಾಯುವ ಹೊತ್ತನ್ನು ಸೇರಿಸಿದರೆ ವೇಗ ಕಡಿಮೆಯಾಗುತ್ತದೆ. ಆದ್ದರಿಂದ ಜಾಣರು ಒಂದೇ ತೋಳಿನಿಂದ ಎರಡು ಮೂರು ವಸ್ತುಗಳನ್ನು ಸರದಿಯ ಮೇಲೆ ಕಟ್ಟುತ್ತಾರೆ. ಒಂದು ಆರುತ್ತಿರುವಾಗ ಇನ್ನೊಂದು ಬೆಳೆಯುತ್ತದೆ. ಚಾಪದ ಶಾಖವನ್ನೇ ತಗ್ಗಿಸುವ ಉಪಾಯವೂ ಇದೆ. ಆಸ್ಟ್ರಿಯಾದ ಫ್ರೋನಿಯಸ್ ಕಂಪನಿ ರೂಪಿಸಿದ ಬೆಸುಗೆ ವಿಧಾನವೊಂದರಲ್ಲಿ, ಹನಿ ಕೊಳವನ್ನು ಮುಟ್ಟಿದೊಡನೆ ತಂತಿ ಹಿಂದಕ್ಕೆ ಸರಿಯುತ್ತದೆ. ಸೆಕೆಂಡಿಗೆ ಹಲವು ಹತ್ತು ಬಾರಿ ತಂತಿ ಹೀಗೆ ಮುಂದೆ ಹಿಂದೆ ಆಡುತ್ತದೆ.

ಶಾಖದ ಎರಡನೆಯ ಕಾಟ ಕುಗ್ಗುವಿಕೆ. ಉಕ್ಕು ಒಂದು ಡಿಗ್ರಿ ತಣಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಕುಗ್ಗುತ್ತದೆ. ಒಂದು ಮೀಟರ್ ಉದ್ದದ ಸಾಲು 500 ಡಿಗ್ರಿ ತಣಿದರೆ 6 ಮಿ.ಮೀ. ಕುಗ್ಗಬೇಕು. ಆದರೆ ಅದು ಕೆಳಗಿನ ತಣ್ಣನೆಯ ಪದರಕ್ಕೆ ಅಂಟಿಕೊಂಡಿದೆ. ಕುಗ್ಗಲು ಅದು ಎಳೆಯುತ್ತದೆ, ಕೆಳಗಿನದು ಬಿಡುವುದಿಲ್ಲ. ಈ ಜಗ್ಗಾಟ ಲೋಹದೊಳಗೆ ಉಳಿದುಬಿಡುತ್ತದೆ. ತಳಫಲಕದ ಹಿಡಿಕೆಗಳನ್ನು ಬಿಚ್ಚಿದೊಡನೆ ಇಡೀ ವಸ್ತು ಬಿಲ್ಲಿನಂತೆ ಬಾಗಿದ ಉದಾಹರಣೆಗಳಿವೆ. ಇದನ್ನು ತಡೆಯಲು ಫಲಕದ ಎರಡೂ ಬದಿಗೆ ಸಮನಾಗಿ ಕಟ್ಟುವುದು, ಕೆಲಸ ಮುಗಿದ ಮೇಲೆ ಕುಲುಮೆಯಲ್ಲಿಟ್ಟು ನಿಧಾನವಾಗಿ ಕಾಯಿಸಿ ತಣಿಸುವುದು ಮುಂತಾದ ಕ್ರಮಗಳಿವೆ. ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯದವರು ಪ್ರತಿ ಪದರದ ಮೇಲೂ ಉಕ್ಕಿನ ಉರುಳೆಯನ್ನು ಒತ್ತಿ ಹಾಯಿಸುವ ಉಪಾಯವನ್ನು ಪರೀಕ್ಷಿಸಿದ್ದಾರೆ. ಒತ್ತಿದಾಗ ಸಾಲು ತುಸು ಹಿಗ್ಗುತ್ತದೆ, ಎಳೆತ ಸಡಿಲಗೊಳ್ಳುತ್ತದೆ. ಲೋಹದ ಕಣಗಳೂ ಸಣ್ಣವಾಗಿ ಬಲ ಹೆಚ್ಚುತ್ತದೆ. ಕಮ್ಮಾರನ ಸುತ್ತಿಗೆ ಬೇರೊಂದು ರೂಪದಲ್ಲಿ ಮರಳಿ ಬಂದಂತಾಯಿತು.

ನಂಬುವುದು ಹೇಗೆ?

ಈಗ ನಿಜವಾದ ಪ್ರಶ್ನೆಗೆ ಬರೋಣ. ಹಳೆಯ ದಾರಿಯಲ್ಲಿ ಲೋಹ ಮೊದಲು, ಆಕಾರ ನಂತರ. ಉಕ್ಕಿನ ಕಾರ್ಖಾನೆಯಿಂದ ಬಂದ ಹಲಗೆಯ ಜೊತೆಗೆ ಅದರ ಬಲವನ್ನು ಪರೀಕ್ಷಿಸಿದ ಪತ್ರವೂ ಬರುತ್ತದೆ. ಅದನ್ನು ನಂಬಿ ಕತ್ತರಿಸುತ್ತೇವೆ. ವಾಮ್ ವಿಧಾನದಲ್ಲಿ ಲೋಹ ಮತ್ತು ಆಕಾರ ಎರಡೂ ಒಂದೇ ಕ್ಷಣದಲ್ಲಿ ಹುಟ್ಟುತ್ತವೆ. ಮುಂಚಿತವಾಗಿ ಪರೀಕ್ಷಿಸಲು ಲೋಹವೇ ಇರುವುದಿಲ್ಲ. 180ನೇ ಪದರ ಹಾಕುವಾಗ ಒಂದೆರಡು ಸೆಕೆಂಡು ಅನಿಲದ ಹರಿವು ನಿಂತಿದ್ದರೆ ಅಲ್ಲಿ ಗಾಳಿಗುಳ್ಳೆಗಳು ಉಳಿದಿರುತ್ತವೆ. ಅದರ ಮೇಲೆ 181ನೇ ಪದರ ಕೂತ ಮೇಲೆ ಹೊರಗಿನಿಂದ ಏನೂ ಕಾಣದು. ಅಲ್ಯೂಮಿನಿಯಂ ತಂತಿಯ ಮೇಲಿನ ತೇವಾಂಶದಿಂದಲೇ ಜಲಜನಕ ಸೇರಿ ಸಣ್ಣ ರಂಧ್ರಗಳಾಗುವುದುಂಟು. ಅಲ್ಲದೆ ಪದರಗಳು ಕೆಳಗಿನಿಂದ ತಣಿಯುವುದರಿಂದ ಲೋಹದ ಕಣಗಳು ಮೇಲ್ಮುಖವಾಗಿ ಉದ್ದುದ್ದ ಬೆಳೆಯುತ್ತವೆ. ಮರದ ಹಲಗೆ ಎಳೆಯುದ್ದಕ್ಕೆ ಒಂದು ಬಲ, ಅಡ್ಡಕ್ಕೆ ಇನ್ನೊಂದು ಬಲ ತೋರುವಂತೆ ಈ ಲೋಹವೂ ದಿಕ್ಕಿನಿಂದ ದಿಕ್ಕಿಗೆ ಬೇರೆ ಗುಣ ತೋರಬಹುದು.

ಆದ್ದರಿಂದ ಈ ತಂತ್ರಜ್ಞಾನದ ನಿಜವಾದ ಸಾಧನೆಗಳನ್ನು ತೂಗಬೇಕಾದದ್ದು ವಿಚಿತ್ರ ಆಕಾರಗಳಿಂದಲ್ಲ, ದಾಟಿದ ಪರೀಕ್ಷೆಗಳಿಂದ. ಎರಡು ಉದಾಹರಣೆಗಳನ್ನು ನೋಡೋಣ. ಎರಡೂ ಹಾಲೆಂಡಿನವು.

ಮೊದಲನೆಯದು ಹಡಗಿನ ಪ್ರೊಪೆಲರ್. ಇದನ್ನು ಸಾಮಾನ್ಯವಾಗಿ ಎರಕದಿಂದ ಮಾಡುತ್ತಾರೆ. ದೂರದ ಬಂದರಿನಲ್ಲಿ ಪ್ರೊಪೆಲರ್ ಮುರಿದರೆ ಹೊಸದು ಬರುವವರೆಗೆ ಹಡಗು ಕಾದು ನಿಲ್ಲಬೇಕು. ಬಂದರಿನಲ್ಲೇ ಕಟ್ಟಿಕೊಡಲು ಸಾಧ್ಯವೇ ಎಂದು ರಾಟರ್‌ಡ್ಯಾಮ್ ಬಂದರಿನ ರಾಮ್‌ಲ್ಯಾಬ್ ಎಂಬ ಸಂಸ್ಥೆ ಕೆಲವು ಪಾಲುದಾರರೊಂದಿಗೆ ಪ್ರಯತ್ನಿಸಿತು. ನಿಕ್ಕಲ್ ಮತ್ತು ಅಲ್ಯೂಮಿನಿಯಂ ಬೆರೆತ ಕಂಚಿನ ತಂತಿಯಿಂದ 298 ಪದರಗಳಲ್ಲಿ 1.35 ಮೀಟರ್ ವ್ಯಾಸದ, ಸುಮಾರು 400 ಕಿ.ಗ್ರಾಂ ತೂಕದ ಪ್ರೊಪೆಲರ್ ಸಿದ್ಧವಾಯಿತು. ಮೊದಲು ಮಾಡಿದ್ದು ಮಾದರಿಗಾಗಿ. ಅದರಿಂದ ಕಲಿತ ಪಾಠಗಳೊಂದಿಗೆ ಎರಡನೆಯದನ್ನು ಕಟ್ಟಿ, 2017ರ ನವೆಂಬರ್ ವೇಳೆಗೆ ಡಾಮನ್ ಕಂಪನಿಯ ಟಗ್ ದೋಣಿಯೊಂದಕ್ಕೆ ಜೋಡಿಸಿ ನೀರಿಗಿಳಿಸಿದರು. ಪೂರ್ಣ ವೇಗದಲ್ಲಿ ಮುಂದೆ ಹೋಗುತ್ತಿರುವ ದೋಣಿಯನ್ನು ಒಮ್ಮೆಲೇ ಹಿಂದಕ್ಕೆ ತಿರುಗಿಸುವ ಕಠಿಣ ಪರೀಕ್ಷೆಯೂ ನಡೆಯಿತು. ಹಡಗುಗಳ ಗುಣಮಟ್ಟವನ್ನು ಪರಿಶೀಲಿಸುವ ಬ್ಯೂರೋ ವೆರಿಟಾಸ್ ಸಂಸ್ಥೆ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಇಂತಹ ಒಪ್ಪಿಗೆ ಪಡೆದ ಮೊದಲ 'ಮುದ್ರಿತ' ಪ್ರೊಪೆಲರ್ ಅದು.

ಎರಡನೆಯದು ಆಮ್‌ಸ್ಟರ್‌ಡ್ಯಾಮ್ ನಗರದ ಕಾಲುಸೇತುವೆ. ಎಂ.ಎಕ್ಸ್.ತ್ರೀ.ಡಿ. ಎಂಬ ಕಂಪನಿಯ ನಾಲ್ಕು ಯಂತ್ರಮಾನವ ತೋಳುಗಳು ಸುಮಾರು ಆರು ತಿಂಗಳು ದುಡಿದು, 12 ಮೀಟರ್ ಉದ್ದದ, ಸುಮಾರು ನಾಲ್ಕೂವರೆ ಟನ್ ತೂಕದ ಸ್ಟೇನ್‌ಲೆಸ್ ಸ್ಟೀಲ್ ಸೇತುವೆಯನ್ನು ಕಟ್ಟಿದವು. ಕಟ್ಟುವ ಕೆಲಸ 2018ರಲ್ಲೇ ಮುಗಿದರೂ ಕಾಲುವೆಯ ಮೇಲೆ ಅದು ತೆರೆದದ್ದು 2021ರ ಜುಲೈನಲ್ಲಿ. ನಡುವಿನ ಕಾಲ ವ್ಯರ್ಥವಾಗಲಿಲ್ಲ. ಹೀಗೆ ಕಟ್ಟಿದ ಸೇತುವೆಗೆ ಅನ್ವಯಿಸುವ ನಿಯಮಗಳೇ ಇರಲಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಎಂಜಿನಿಯರುಗಳು ಈ ಲೋಹದ ತುಣುಕುಗಳನ್ನು ಬೇರೆ ಬೇರೆ ದಿಕ್ಕಿನಲ್ಲಿ ಎಳೆದು, ಒತ್ತಿ, ಅದರ ಬಲವನ್ನು ಅಳೆದರು. ಸೇತುವೆಯ ಮೇಲೆಯೇ ಭಾರ ಹೇರಿ ನೋಡಿದರು. ತಾತ್ಕಾಲಿಕ ಅನುಮತಿಯ ಮೇಲೆ ಅದನ್ನು ಕಾಲುವೆಗೆ ಅಡ್ಡಲಾಗಿ ಇಟ್ಟಾಗ ಅದರ ಮೈತುಂಬ ಸಂವೇದಕಗಳಿದ್ದವು. ಜನ ನಡೆದಾಗ ಎಷ್ಟು ಬಾಗುತ್ತದೆ, ಎಷ್ಟು ಅದುರುತ್ತದೆ, ಬಿಸಿಲು ಚಳಿಗೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಅವು ದಾಖಲಿಸಿದವು.

ನಮ್ಮ ರಾಜ್ಯದಲ್ಲಿ

ಸೇರಿಸಿ ಕಟ್ಟುವ ಈ ತತ್ವ ಕರ್ನಾಟಕಕ್ಕೆ ದೂರದ್ದಲ್ಲ. 2024ರ ಮೇ 9ರಂದು ಇಸ್ರೋ ಸಂಸ್ಥೆ ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನ್ನಿನ ಹೊಸ ರೂಪವನ್ನು ಮಹೇಂದ್ರಗಿರಿಯಲ್ಲಿ 665 ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಿತು. ಅದನ್ನು ತಯಾರಿಸಿದ್ದು ಬೆಂಗಳೂರಿನ ವಿಪ್ರೋ ತ್ರೀ-ಡಿ. ಇಲ್ಲಿ ಬಳಸಿದ್ದು ಚಾಪವಲ್ಲ, ಲೇಸರ್ ಮತ್ತು ಲೋಹದ ಪುಡಿ. ಆದರೆ ಲಾಭದ ಲೆಕ್ಕ ಒಂದೇ ಬಗೆಯದು. ಹಿಂದೆ 14 ಬಿಡಿಭಾಗಗಳಿದ್ದುದು ಒಂದೇ ತುಂಡಾಯಿತು; 19 ಬೆಸುಗೆಗಳು ಇಲ್ಲವಾದವು; 565 ಕಿ.ಗ್ರಾಂ ಕಚ್ಚಾ ಲೋಹದ ಬದಲು 13.7 ಕಿ.ಗ್ರಾಂ ಪುಡಿ ಸಾಕಾಯಿತು. ಒಂದು ವಿನೋದವನ್ನು ಗಮನಿಸಿ. ಅಲ್ಲಿ ಬೆಸುಗೆ ಕಡಿಮೆಯಾದದ್ದೇ ಹೆಮ್ಮೆ, ವಾಮ್ ವಿಧಾನದಲ್ಲಿ ವಸ್ತುವೆಲ್ಲವೂ ಬೆಸುಗೆ! ಬೆಸುಗೆ ದುರ್ಬಲವೋ ಸಬಲವೋ ಎಂಬುದು ಹೆಸರಿನಿಂದ ತೀರ್ಮಾನವಾಗುವುದಿಲ್ಲ. ಅದನ್ನು ಎಷ್ಟು ಎಚ್ಚರದಿಂದ ಹಾಕಿದರು, ಎಷ್ಟು ಎಚ್ಚರದಿಂದ ಪರೀಕ್ಷಿಸಿದರು ಎಂಬುದರಿಂದ ತೀರ್ಮಾನವಾಗುತ್ತದೆ.

ಬೆಸುಗೆಗಾರನ ಕಣ್ಣು ಮತ್ತು ಕಿವಿ

ತೋಳು ಬಂದ ಮೇಲೆ ವೆಲ್ಡರ್‌ಗೆ ಕೆಲಸವೇನು ಎಂಬ ಆತಂಕ ಸಹಜ. ಒಂದೇ ಬಗೆಯ ಸಾಲನ್ನು ದಿನವಿಡೀ ಹಾಕುವ ಕೆಲಸಗಳು ಯಂತ್ರಕ್ಕೆ ಹೋಗಿವೆ, ಇನ್ನೂ ಹೋಗುತ್ತವೆ. ಇದನ್ನು ಮರೆಮಾಚಬೇಕಿಲ್ಲ. ಆದರೆ ಇನ್ನೊಂದು ಮುಖವೂ ಇದೆ. ಅನುಭವಿ ವೆಲ್ಡರ್ ಕೊಳದ ಹೊಳಪು ನೋಡಿ ಶಾಖ ಹೆಚ್ಚಾಯಿತೆಂದು ತಿಳಿಯುತ್ತಾನೆ. ಚಾಪದ ಸದ್ದು ಬದಲಾದರೆ ಅನಿಲ ಕಡಿಮೆಯಾಯಿತೋ ತಂತಿ ತೊಡರಿತೋ ಎಂದು ಗುರುತಿಸುತ್ತಾನೆ. ತೋಳಿಗೆ ಈ ವಿವೇಕ ಇಲ್ಲ. ಹೇಳಿದ ದಾರಿಯಲ್ಲಿ ಅದು ತಪ್ಪದೆ ಸಾಗುತ್ತದೆ, ಕೆಳಗೆ ಲೋಹ ಹರಿದು ಬೀಳುತ್ತಿದ್ದರೂ ಸಾಗುತ್ತದೆ. ಆದ್ದರಿಂದಲೇ ಇಂದು ತೋಳಿನ ಜೊತೆಗೆ ಕ್ಯಾಮೆರಾ, ಉಷ್ಣತೆ ಅಳೆಯುವ ಸಾಧನ, ಧ್ವನಿಗ್ರಾಹಕ, ವಿದ್ಯುತ್ ಪ್ರವಾಹದ ದಾಖಲೆ ಎಲ್ಲವನ್ನೂ ಜೋಡಿಸಿ, ಆ ಕಣ್ಣು ಕಿವಿಗಳನ್ನು ಯಂತ್ರಕ್ಕೆ ಕಲಿಸುವ ಪ್ರಯತ್ನ ನಡೆದಿದೆ. ಕಲಿಸಬೇಕಾದರೆ ಬಲ್ಲವರು ಬೇಕು.

ಕ್ಯಾಮೆರಾದ ಕಷ್ಟ ನಮ್ಮಂತಹ ಕಾರ್ಯಕ್ರಮ ನಿರ್ಮಾಪಕರಿಗೆ ಚೆನ್ನಾಗಿ ಗೊತ್ತು. ಚಾಪದ ಬೆಳಕು ಎಷ್ಟು ಪ್ರಖರವೆಂದರೆ ಬರಿಯ ಕ್ಯಾಮೆರಾದಲ್ಲಿ ಬಿಳಿಯ ಉರಿಯೊಂದೇ ಕಾಣುತ್ತದೆ, ಕೊಳ ಕಾಣುವುದೇ ಇಲ್ಲ. ದಟ್ಟ ಶೋಧಕ ಗಾಜಿನ ಮೂಲಕ ನೋಡಿದಾಗ ಮಾತ್ರ ಅದರ ಅಂಚು ತಿಳಿಯುತ್ತದೆ. ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ: ಚಾಪದಲ್ಲಿ ನೇರಳಾತೀತ ಕಿರಣಗಳೂ ಇರುತ್ತವೆ. ದಾರಿಯಲ್ಲಿ ಹೋಗುವಾಗಲೂ ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ದಿಟ್ಟಿಸಬೇಡಿ.

ಐ.ಟಿ.ಐ.ಯಲ್ಲಿ ವೆಲ್ಡರ್ ವೃತ್ತಿಯನ್ನು ಕಲಿಯುತ್ತಿರುವವರು, ಡಿಪ್ಲೊಮಾ ಓದುತ್ತಿರುವವರು, ಭೌತವಿಜ್ಞಾನ ಅಥವಾ ಲೋಹವಿಜ್ಞಾನದ ಕಡೆಗೆ ಹೊರಟವರು, ಕಂಪ್ಯೂಟರ್ ಕಾರ್ಯಕ್ರಮ ಬರೆಯುವವರು ಇವರೆಲ್ಲರೂ ಈ ಒಂದು ಕೆಲಸದ ಸುತ್ತ ನಿಲ್ಲಬೇಕಾಗುತ್ತದೆ. ದಾರಿ ಬರೆಯುವವನಿಗೆ ಶಾಖದ ಅರಿವಿಲ್ಲದಿದ್ದರೆ ಗೋಡೆ ಕುಸಿಯುತ್ತದೆ. ಶಾಖ ಬಲ್ಲವನಿಗೆ ದಾರಿ ಬರೆಯಲು ಬಾರದಿದ್ದರೆ ಗೋಡೆ ಏಳುವುದೇ ಇಲ್ಲ. ಒಬ್ಬನೇ ಎರಡನ್ನೂ ಬಲ್ಲವನಾದರೆ ಅವನಿಗೆ ಕೆಲಸದ ಚಿಂತೆ ಇರಲಾರದು.

ಯೋಚಿಸಿ, ಲೆಕ್ಕ ಹಾಕಿ

1. ವ್ಯಾಸ 1.2 ಮಿ.ಮೀ. ಇರುವ ಒಂದು ಕಿ.ಗ್ರಾಂ ಉಕ್ಕಿನ ತಂತಿಯ ಉದ್ದವೆಷ್ಟು? (ನಿಮ್ಮ ಉತ್ತರ 113 ಮೀಟರಿನ ಆಸುಪಾಸಿನಲ್ಲಿರಬೇಕು.)

2. ಪದರದ ಎತ್ತರ 2 ಮಿ.ಮೀ., ಗೋಡೆಯ ಎತ್ತರ 30 ಸೆಂ.ಮೀ. ಪ್ರತಿ ಪದರ ಹಾಕಲು 1 ನಿಮಿಷ, ಆರಲು 3 ನಿಮಿಷ ಬೇಕು. ಒಂದು ಗೋಡೆಗೆ ಎಷ್ಟು ಹೊತ್ತು? ಒಂದೇ ತೋಳು ಅಂತಹ ನಾಲ್ಕು ಗೋಡೆಗಳನ್ನು ಸರದಿಯ ಮೇಲೆ ಕಟ್ಟಿದರೆ ಒಟ್ಟು ಎಷ್ಟು ಹೊತ್ತು?

3. ಅಲ್ಯೂಮಿನಿಯಂ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಭಾಗದಷ್ಟು ಕುಗ್ಗುತ್ತದೆ. ಒಂದು ಮೀಟರ್ ಸಾಲು 500 ಡಿಗ್ರಿ ತಣಿದರೆ ಎಷ್ಟು ಕುಗ್ಗಬೇಕು? ಉಕ್ಕಿನೊಂದಿಗೆ ಹೋಲಿಸಿ.

4. ನಿಮ್ಮ ಊರಿನ ಕೊಳವೆಬಾವಿಯ ಪಂಪಿಗೆ ಒಂದು ಬೋಲ್ಟು ಬೇಕಾಗಿದೆ. ಅದನ್ನು ವಾಮ್ ವಿಧಾನದಲ್ಲಿ ಕಟ್ಟುವುದು ಸರಿಯೇ? ತಯಾರಿಕೆ ನಿಂತುಹೋದ ಹಳೆಯ ಯಂತ್ರವೊಂದರ ದೊಡ್ಡ ಭಾಗವಾದರೆ? ಎರಡಕ್ಕೂ ಕಾರಣ ಕೊಟ್ಟು, ನಿಮ್ಮ ಅಧ್ಯಾಪಕರೊಂದಿಗೆ ಚರ್ಚಿಸಿ.